ಶೋಸ್ಟ್ರೋಮ್ ಮುಖಕ್ಕೆ ಕಟ್ಟು ಹಾಕಿದ ಅಂಗಡಿ

ಮಂಗಳೂರಿನ ರಥಬೀದಿಯ ಹತ್ತಿರದ ಓಣಿಯಲ್ಲಿ ಪಟಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿಯೊಂದಿದೆ. ಗೋಡೆ ತುಂಬ ಕಟೀಲು ದೇವಿಯ ಪಟ, ಮದುವೆಯ ಫೋಟೋ, ಗತಿಸಿದ ಹಿರಿಯರ ಮುಖಗಳು. ಅಲ್ಲಿಗೆ ನಾನು ಉಡುಪಿಯಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಒಯ್ದದ್ದು ಸ್ವೀಡನ್ನಿನ ಹಳೆಯ ಸಿನಿಮಾಗಳ ಎರಡು ಸ್ಥಿರಚಿತ್ರ ಮತ್ತು ಒಂದು ಪೋಸ್ಟರ್. ಅಣ್ಣನ ಮಗ ಸ್ಟಾಕ್‌ಹೋಮ್‌ನ ಹಳೆ ಪುಸ್ತಕದಂಗಡಿಯೊಂದರಲ್ಲಿ ಕೊಂಡು ತಂದುಕೊಟ್ಟವು.

ಎರಡೂ ಚಿತ್ರಗಳಲ್ಲಿರುವುದು ಸ್ವೀಡನ್ನಿನ ನಟ, ನಿರ್ದೇಶಕ ವಿಕ್ಟರ್ ಶೋಸ್ಟ್ರೋಮ್. ಒಂದು, ಅವರೇ ನಿರ್ದೇಶಿಸಿ ಕುಡುಕನ ಪಾತ್ರ ಮಾಡಿದ 1921ರ ‘ದಿ ಫ್ಯಾಂಟಮ್ ಕ್ಯಾರೇಜ್’ನದು, ಇದು ಆ ಕಾಲದ ಪ್ರತಿಯಲ್ಲ, ನಂತರ ಮುದ್ರಿಸಿದ್ದು. ಇನ್ನೊಂದು, ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ರ 1957ರ ‘ವೈಲ್ಡ್ ಸ್ಟ್ರಾಬೆರೀಸ್’ನ ವೃದ್ಧ ಪ್ರೊಫೆಸರ್. ಅದು ಅವರ ಕೊನೆಯ ಪಾತ್ರ. ಒಂದೇ ಮುಖ, ನಡುವೆ 36 ವರ್ಷ. ಇವೆರಡನ್ನು ಅಕ್ಕಪಕ್ಕದಲ್ಲಿ ನೋಡಬೇಕೆಂಬುದು ನನ್ನ ಬಹುಕಾಲದ ಆಸೆ.

ನನಗೆ ಹೆದರಿಕೆಯಿತ್ತು. ಹಿಂದೊಮ್ಮೆ ಬೇರೊಂದು ಕಡೆ 1924ರ ‘ಯೋಸ್ಟಾ ಬೆರ್ಲಿಂಗ್’ ಚಿತ್ರದ ನಟಿ ಗ್ರೆಟಾ ಗಾರ್ಬೋ ಫೋಟೋಗೆ ಕಟ್ಟು ಹಾಕಿಸಿದ್ದೆ. ಫೋಟೋದ ಮೇಲೆ ನೇರವಾಗಿ ಗಾಜು ಕೂರಿಸಿಬಿಟ್ಟಿದ್ದರು. ನಮ್ಮ ಆಷಾಢದ ತೇವಕ್ಕೆ ಫೋಟೋದ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜನ್ನು ಕಚ್ಚಿಕೊಂಡಿತು. ಬಿಡಿಸಲು ಹೋದಾಗ ಗಾರ್ಬೋಳ ಕೆನ್ನೆ ಗಾಜಿನ ಜೊತೆಗೇ ಎದ್ದು ಬಂತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿನ ಯಜಮಾನರಿಗೆ ಅದನ್ನು ಹೇಳಿ ಮುಗಿಸುವ ಮೊದಲೇ, “ಗೊತ್ತು ಟೀಚರೇ, ಹಳೆಯ ಮದುವೆ ಫೋಟೋಗಳೆಲ್ಲ ಹಾಗೆಯೇ ಅಂಟಿಕೊಂಡು ಬರುತ್ತವೆ” ಎಂದರು. ಫೋಟೋದ ಸುತ್ತ ದಪ್ಪ ಮೌಂಟ್ ಬೋರ್ಡಿನ ಅಂಚು ಕೊಟ್ಟು ಗಾಜನ್ನು ದೂರ ನಿಲ್ಲಿಸಿದರು. ಒಂದು ತೊಟ್ಟು ಅಂಟನ್ನೂ ಫೋಟೋಗೆ ತಾಗಿಸದೆ ನಾಲ್ಕು ಮೂಲೆಗಳನ್ನು ಕಾಗದದ ಪುಟ್ಟ ಚೀಲಗಳಲ್ಲಿ ಸಿಕ್ಕಿಸಿದರು. ಕಟ್ಟಿನ ಹಿಂದೆ, ಕೆಳಗಿನ ಮೂಲೆಗಳಿಗೆ ಬಿರಡೆಯ ಎರಡು ಚೂರು: ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡಲಿ ಎಂದು. ಕರಾವಳಿಯಲ್ಲಿ ಬೂಷ್ಟು ಶುರುವಾಗುವುದೇ ಆ ಸಂದಿಯಿಂದ.

ಪೋಸ್ಟರ್ 70×100 ಸೆಂಟಿಮೀಟರಿನದು, ಮಡಚಿದ ಗೆರೆಗಳಿದ್ದವು. ಇಸ್ತ್ರಿ ಹಾಕಿದರೆ ಆಗದೇ ಎಂದು ನಾನೇ ಕೇಳಿದೆ. ಬಣ್ಣ ಸುಟ್ಟೀತು ಎಂದು ಖಡಾಖಂಡಿತವಾಗಿ ನಿರಾಕರಿಸಿ, ಹೀರುಕಾಗದಗಳ ನಡುವೆ ನಾಲ್ಕು ದಿನ ಭಾರ ಹೇರಿ ಇಟ್ಟರು. ಗೆರೆ ಪೂರ್ತಿ ಹೋಗಿಲ್ಲ, ಹೋಗುವುದೂ ನನಗೆ ಬೇಕಿರಲಿಲ್ಲ. ಮೇಲಿನ ‘ಸ್ಮುಲ್‌ಟ್ರೋನ್‌ಸ್ಟೆಲ್ಲೆತ್’ ಎಂಬ ಅಕ್ಷರಗಳ (ಅದೇ ‘ವೈಲ್ಡ್ ಸ್ಟ್ರಾಬೆರೀಸ್’ನ ಸ್ವೀಡಿಷ್ ಹೆಸರು) ಅರ್ಥ ಕೇಳಿದರು. ಕಾಡು ಸ್ಟ್ರಾಬೆರಿ ಬೆಳೆಯುವ ಜಾಗ. ಮನಸ್ಸಿಗೆ ಪ್ರಿಯವಾದ, ಗುಟ್ಟಿನ ಜಾಗಕ್ಕೂ ಸ್ವೀಡನ್ನಿನವರು ಹಾಗೆನ್ನುತ್ತಾರೆ ಎಂದೆ. “ನಮ್ಮ ಕುಂಟಾಲ ಹಣ್ಣಿನ ಗುಡ್ಡೆಯ ಹಾಗೆ” ಎಂದರು. ಇದಕ್ಕಿಂತ ಚೆನ್ನಾದ ಅನುವಾದ ನನಗೆ ಹೊಳೆದಿರಲಿಲ್ಲ.

ಕೊರತೆಗಳೂ ಇವೆ. ಒಂದು ವಾರ ಎಂದವರು 19 ದಿನ ತೆಗೆದುಕೊಂಡರು. ಮೊದಲು ತೋರಿಸಿದ್ದು ಮಾಮೂಲಿ ಮೌಂಟ್ ಬೋರ್ಡ್. ಅದರ ಆಮ್ಲದಿಂದ ಫೋಟೋದ ಅಂಚು ಕ್ರಮೇಣ ಹಳದಿಯಾಗುತ್ತದೆ. ಆಮ್ಲವಿಲ್ಲದ್ದೇ ಬೇಕೆಂದು ಹಟ ಹಿಡಿದ ಮೇಲೆ ಬೆಂಗಳೂರಿನಿಂದ ತರಿಸಿದರು, ತಡವಾದದ್ದು ಅದರಿಂದಲೇ. ನೀವು ಹೋದರೆ ಬಾಯಿಬಿಟ್ಟು ಕೇಳಿ. ಕಟ್ಟುಗಳಲ್ಲಿ ಹೂಬಳ್ಳಿಯ ಚಿನ್ನದ ಬಣ್ಣದವೇ ಹೆಚ್ಚು, ಸಾದಾ ಕಪ್ಪು ಮರದ್ದು ಎರಡೇ ಅಳತೆಯಲ್ಲಿದೆ. ಎರಡು ಫೋಟೋಗೆ 1,900 ರೂಪಾಯಿ, ಗಾಜಿನ ಬದಲು ಹಗುರವಾದ ಆ್ಯಕ್ರಿಲಿಕ್ ಹಾಳೆ ಹಾಕಿದ ಪೋಸ್ಟರಿಗೆ 4,600. ಕೆಲಸ ನೋಡಿದರೆ ಹೆಚ್ಚೆನಿಸುವುದಿಲ್ಲ.

ಮಳೆ ಹೊಡೆಯುವ ಪಡುಗೋಡೆಯನ್ನು ಬಿಟ್ಟು, ನಡುಮನೆಯ ಒಳಗೋಡೆಗೆ ತೂಗುಹಾಕಿದ್ದೇನೆ. ಒಂದು ಮಳೆಗಾಲ ದಾಟಿದೆ. ಮೊನ್ನೆ ಟಾರ್ಚ್ ಹಿಡಿದು ಅಂಚುಗಳನ್ನೆಲ್ಲ ನೋಡಿದೆ. ಎಲ್ಲಿಯೂ ಒಂದು ಚುಕ್ಕೆ ಬೂಷ್ಟಿಲ್ಲ, ಶೋಸ್ಟ್ರೋಮ್ ಕಣ್ಣಿನ ಕೆಳಗಿನ ಒಂದೊಂದು ನೆರಿಗೆಯೂ ಹಾಗೆಯೇ ಇದೆ.