ಪ್ರೊಸೆಸರ್ ಜೊತೆ ಬರುವ ಕೂಲರ್ ಮತ್ತು ಕಲಬುರಗಿಯ ಬೇಸಿಗೆ

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ಗೆ ನಾಲ್ಕು ನಕ್ಷತ್ರ, ಅದನ್ನು ತಣಿಸಲೆಂದು ಅದೇ ಬಾಕ್ಸಿನಲ್ಲಿ ಕೊಡುವ ಕೂಲರ್‌ಗೆ ಒಂದು. ಆ ಒಂದು ಕೂಡ ಅದರ ಫ್ಯಾನ್ ಈವರೆಗೆ ಕೆಟ್ಟಿಲ್ಲ ಎಂಬ ದಾಕ್ಷಿಣ್ಯಕ್ಕೆ.

ಆರು ಕೋರ್, 65 ವ್ಯಾಟ್ ಎಂಬುದೆಲ್ಲ ಬಾಕ್ಸಿನ ಮೇಲೇ ಇದೆ. ನನ್ನದು ಮದುವೆ ವಿಡಿಯೊ ಎಡಿಟಿಂಗ್. ಸ್ಟುಡಿಯೊಗೆ ಅಂಟಿಕೊಂಡೇ ತೊಗರಿ ಬೇಳೆ ಮಿಲ್ಲು. ಮುಹೂರ್ತಗಳು ಒತ್ತೊತ್ತಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 42 ಡಿಗ್ರಿ ಮುಟ್ಟುವುದೂ ಆಗಲೇ. ಮೊದಲ ಚಳಿಗಾಲ ಈ ಕಂಪ್ಯೂಟರ್ ಚಕಾರವೆತ್ತದೆ ದುಡಿಯಿತು. ಬೇಸಿಗೆ ಬಂದದ್ದೇ ತಡ, ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ) ಅರ್ಧಕ್ಕೆ ಬರುವಷ್ಟರಲ್ಲಿ ಮೌಸ್ ತೆವಳತೊಡಗಿತು. ಆಮೇಲೆ ದೋಷ ತೋರಿಸುವ ನೀಲಿ ಪರದೆಯೂ ಇಲ್ಲ, ಸೂಚನೆಯೂ ಇಲ್ಲ, ತಟಕ್ಕನೆ ಬಂದ್. ಹೊರಗೆ ಬೀಗರು ಪೆನ್‌ಡ್ರೈವ್ ಹಿಡಿದು ಕುಳಿತಿರುತ್ತಿದ್ದರು.

ಜೋಡಿಸಿಕೊಟ್ಟ ಅಂಗಡಿಯವರ ಮದ್ದು ಒಂದೇ: ವಿಂಡೋಸ್ ಹೊಸದಾಗಿ ಹಾಕುವುದು. ಹಾಕಿದರು, ದುಡ್ಡು ತೆಗೆದುಕೊಂಡರು, ಮಧ್ಯಾಹ್ನ ಮತ್ತೆ ಬಂದ್. ಆಮೇಲೆ ಪವರ್ ಸಪ್ಲೈ ಬದಲಿಸಿ ಎಂದರು. ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂದು ಇದೆಯಲ್ಲ, ಅದೇ ಸಾಕ್ಷಿಯಂತೆ. ಆ ಸಾಲು ಹೇಳುವುದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತುಹೋಯಿತು ಎಂದಷ್ಟೇ. ಏಕೆ ನಿಂತಿತು ಎಂದಲ್ಲ. ಅದನ್ನು ನಂಬಿ ಪವರ್ ಸಪ್ಲೈ ಕೊಳ್ಳಬೇಡಿ.

ರ‍್ಯಾಮ್ ಮೇಲಿನ ಅನುಮಾನ ಹೋಗಲಿ ಎಂದು ಮೆಮ್‌ಟೆಸ್ಟ್ 86 ಅನ್ನು ರಾತ್ರಿಯಿಡೀ ಓಡಿಸಿದೆ. ಒಂದು ದೋಷವೂ ಇಲ್ಲ. ಗುಟ್ಟು ಬಯಲಾದದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ. ಪ್ರೊಸೆಸರ್ ಬಳಕೆ ನೂರಕ್ಕೆ ನೂರು ಇದ್ದರೂ ವೇಗ ಮಾತ್ರ ಅಲ್ಲೇ ಕೆಳಗೆ ಬರೆದ ಮೂಲ ವೇಗಕ್ಕಿಂತ ಎಷ್ಟೋ ಕಡಿಮೆ. ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯು ಇನ್ಫೋ ತೆರೆದರೆ ತಾಪಮಾನ 100 ಡಿಗ್ರಿಗೆ ಅಂಟಿಕೊಂಡು ನಿಂತಿತ್ತು. ಈ ಪ್ರೊಸೆಸರ್‌ನ ಮಿತಿಯೇ ಅದು. ಅಲ್ಲಿಗೆ ತಲುಪಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ಏರುತ್ತಲೇ ಹೋದರೆ ಸುಟ್ಟುಹೋಗದಂತೆ ಕಂಪ್ಯೂಟರನ್ನೇ ಆರಿಸುತ್ತದೆ. ಪಾಪ, ಪ್ರೊಸೆಸರ್ ಜೀವ ಉಳಿಸಿಕೊಳ್ಳುತ್ತಿತ್ತು, ನಾವು ಅದಕ್ಕೆ ವೈರಸ್ ಬಂದಿದೆ ಎನ್ನುತ್ತಿದ್ದೆವು.

ಮುಚ್ಚಳ ತೆಗೆದರೆ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮೇಲೆದ್ದಿತ್ತು. ಇಡೀ ವಿಮರ್ಶೆ ಈ ಕಾಲಿಗಾಗಿಯೇ. ಹದಿನೈದು ಸಾವಿರ ರೂಪಾಯಿ ಮೀರಿದ ಚಿಪ್ಪನ್ನು ಕಾಯುವ ಲೋಹದ ತುಂಡು ಮದರ್‌ಬೋರ್ಡಿಗೆ ಅಂಗಿಯ ಗುಂಡಿಯಂತೆ ಸಿಕ್ಕಿಸಿಕೊಂಡಿರುತ್ತದೆ! ಒಂದು ಮೂಲೆ ಎದ್ದರೆ ಒತ್ತಡ ಓರೆಯಾಗುತ್ತದೆ, ಚಿಪ್ಪಿಗೂ ಕೂಲರಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್‌ನಲ್ಲಿ ಗಾಳಿ ಸೇರುತ್ತದೆ, ಬಿಸಿ ಮೇಲಕ್ಕೆ ದಾಟುವುದೇ ಇಲ್ಲ. ಕಾಲನ್ನು ಮತ್ತೆ ಒತ್ತಿ ಕೂರಿಸಿದೆ. ಕೆಲ ವಾರ ಸುಖ, ಮತ್ತೆ ಅದೇ ಕಾಲು.

ಕೊನೆಗೆ ಎರಡು ಸಾವಿರದೊಳಗೆ ಗೋಪುರದಂತೆ ಎತ್ತರದ ಒಂದು ಟವರ್ ಕೂಲರ್ ತಂದೆ. 120 ಮಿಲಿಮೀಟರ್ ಫ್ಯಾನ್, ಮದರ್‌ಬೋರ್ಡಿನ ಹಿಂದಿನಿಂದ ಲೋಹದ ತಟ್ಟೆ, ಸ್ಕ್ರೂ ಬಿಗಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿಯಷ್ಟು ಹೊಸದನ್ನು ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಈಗ ಮೇ ತಿಂಗಳ ಮಧ್ಯಾಹ್ನವೂ ರೆಂಡರ್ ಹೊತ್ತಿನಲ್ಲಿ 80 ಡಿಗ್ರಿ ದಾಟುವುದಿಲ್ಲ. ಹಾಗೆಂದು ಇದೇನೂ ಮಾಯೆಯಲ್ಲ. ಕೋಣೆಯೇ 38 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ತಂಪಾದ ಗಾಳಿಯನ್ನು ಎಲ್ಲಿಂದಲೂ ತರಲಾರದು.

ಈಚೆಗೆ ಈ ಯಂತ್ರದ ಮೇಲೆ ನನಗೆ ಮೋಹವೇ ಹುಟ್ಟಿದೆ. ಅಮಾವಾಸ್ಯೆಯ ದಿನ ಮುಹೂರ್ತವಿರುವುದಿಲ್ಲ, ಬೆಳಿಗ್ಗೆಯೇ ಕ್ಯಾಬಿನೆಟ್ ಹೊರಗೆ ತರುತ್ತೇನೆ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ, ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಕೂಲರಿನ ಅಲಗುಗಳ ಸಂದು ಸಂದನ್ನೂ ಬಿಡಿಸುತ್ತೇನೆ. ಬೇಳೆಯ ಹಳದಿ ಧೂಳು ಹತ್ತಿಯ ಪದರದಂತೆ ಎದ್ದು ಬರುವುದನ್ನು ನೋಡುವುದೇ ಒಂದು ತೃಪ್ತಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಕೊಡಿ. ಗಾಳಿಯ ರಭಸಕ್ಕೆ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳು. ಸಹಾಯಕ್ಕೆ ಬರುವ ಹುಡುಗ ಒಮ್ಮೆ “ಅಣ್ಣಾ, ದಸರೆ ಆಯುಧ ಪೂಜೆಗೆ ಒಂದೇ ಸಲ ತೊಳೆದರೆ ಸಾಲದೆ?” ಎಂದು ಕೇಳಿದ. ಮಿಲ್ಲಿನವರು ದಸರೆಗೆ ಮಾತ್ರ ಬೇಳೆ ಒಡೆಯುವುದಾದರೆ ಸಾಕು ಎಂದೆ.

ಟವರ್ ಕೂಲರ್‌ಗೆ ಸದ್ಯ ದುಡ್ಡಿಲ್ಲದವರು ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇಕಡಾ 99ಕ್ಕೆ ಇಳಿಸಿ ನೋಡಿ. ಮೂಲ ವೇಗಕ್ಕಿಂತ ಮೇಲೆ ಓಡುವ ಟರ್ಬೊ ನಿಲ್ಲುತ್ತದೆ, ರೆಂಡರ್ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ. ಬಿಲ್ಲಿಂಗ್, ಟೈಪಿಂಗ್ ಮಾತ್ರ ಮಾಡುವವರಿಗೆ ಬಾಕ್ಸಿನ ಕೂಲರೇ ಸಾಕು. ನನ್ನಂತೆ ದುಡಿಸುವವರು ಜೋಡಿಸುವಾಗಲೇ ಸ್ಕ್ರೂ ಕೂಲರ್ ಹಾಕಿಸಿಕೊಳ್ಳಿ. ಆಮೇಲಾದರೆ ಕೆಲವು ಕ್ಯಾಬಿನೆಟ್‌ಗಳಲ್ಲಿ ಮದರ್‌ಬೋರ್ಡನ್ನೇ ಹೊರತೆಗೆಯಬೇಕು. ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನ ಒಳ ಅಗಲವನ್ನೂ ಅಳೆಯಿರಿ. ಇಂಥ ಕೂಲರ್‌ಗಳು 150 ಮಿಲಿಮೀಟರಿಗೂ ಎತ್ತರ ಇರುತ್ತವೆ, ಅಗಲ ಸಾಲದಿದ್ದರೆ ಪಕ್ಕದ ಮುಚ್ಚಳ ಕೂರುವುದಿಲ್ಲ.