ಕ್ಲಾಸಿಕಲ್ ಹೋಂಸ್ಕೂಲಿಂಗ್: ವಾರದ ಗುಂಪೋ, ಮನೆಯ ಪುಸ್ತಕವೋ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಅಮೆರಿಕದ ಕ್ರೈಸ್ತ ಹೋಂಸ್ಕೂಲ್ ಕುಟುಂಬಗಳು ಕ್ಲಾಸಿಕಲ್ ಪದ್ಧತಿ, ಅಂದರೆ ಲ್ಯಾಟಿನ್ ಮತ್ತು ಬಾಯಿಪಾಠಕ್ಕೆ ಒತ್ತು ಕೊಡುವ ಹಳೆಯ ಶೈಲಿಯ ಕಲಿಕೆ, ಹಿಡಿಯುವಾಗ ತೂಗಿ ನೋಡುವ ಎರಡು ಹೆಸರು: ವಾರದ ಗುಂಪು ನಡೆಸುವ ಕ್ಲಾಸಿಕಲ್ ಕಾನ್ವರ್ಸೇಷನ್ಸ್, ಮನೆಯಲ್ಲೇ ಕಲಿಸಲು ಪಠ್ಯಪುಸ್ತಕ ಪ್ರಕಟಿಸುವ ಮೆಮೋರಿಯಾ ಪ್ರೆಸ್.

ಮೊದಲನೆಯದು 1997ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಶುರುವಾದದ್ದು. 4ರಿಂದ 12 ವರ್ಷದವರ ಫೌಂಡೇಷನ್ಸ್ ಹಂತದಲ್ಲಿ ವಾರಕ್ಕೊಂದು ದಿನದಂತೆ 24 ವಾರ ಗುಂಪಿನ ತರಗತಿ, ಪೋಷಕರೂ ಜೊತೆಗಿರಬೇಕು. ಇತಿಹಾಸ, ಭೂಗೋಳ, ಲ್ಯಾಟಿನ್ ಎಲ್ಲವೂ ಹಾಡಿ ಬಾಯಿಪಾಠ. ಓದು, ಗಣಿತದ ಪಠ್ಯ ಬೇರೆ ಕೊಳ್ಳಬೇಕು. ಸೇರುವ ಮೊದಲೇ ಈ ಖರ್ಚು ಲೆಕ್ಕ ಹಾಕಿ.

ವ್ಯತ್ಯಾಸ ಎದ್ದು ಕಾಣುವುದು ಲ್ಯಾಟಿನ್‌ನಲ್ಲಿ. ಗುಂಪಿನಲ್ಲಿ ಮಗು ‘ಆ, ಏ, ಏ, ಅಮ್, ಆ’ ಎಂದು ಸಲೀಸಾಗಿ ಹಾಡುತ್ತದೆ. ಆದರೆ ಅದು ನಮ್ಮ ‘ಅನ್ನು, ಇಗೆ’ಗಳಂಥ ವಿಭಕ್ತಿ ಪ್ರತ್ಯಯ ಎಂದು ಮನೆಯಲ್ಲಿ ಯಾರಾದರೂ ಬಿಡಿಸಿ ಹೇಳದಿದ್ದರೆ ಬರೀ ರಾಗ ಉಳಿಯುತ್ತದೆ. ಮೆಮೋರಿಯಾದ ಲ್ಯಾಟಿನ್ ಪುಸ್ತಕ ‘ಲ್ಯಾಟಿನಾ ಕ್ರಿಸ್ಟಿಯಾನಾ’ದಲ್ಲಿ 25 ಪಾಠ. ಅಲ್ಲಿ ಅವೇ ಪ್ರತ್ಯಯಗಳು ‘ಮೆನ್ಸಾ’ಕ್ಕೆ, ಅಂದರೆ ಮೇಜಿಗೆ, ಅಂಟಿಕೊಂಡೇ ಬರುತ್ತವೆ, ಮಗು ಕೈಯಾರೆ ಬರೆಯುತ್ತದೆ. ವಾರಕ್ಕೊಂದು ಪಾಠ ಸಾಕು. ದಿನಕ್ಕೆ 15 ನಿಮಿಷ ಹಳೆಯ ಪಾಠ ಒಪ್ಪಿಸುವುದನ್ನು ಬಿಟ್ಟರೆ ಪದಗಳು ಕಲಸಿಹೋಗುತ್ತವೆ. ಆಗ ಮುಂದಕ್ಕೆ ಓಡದೆ ಎರಡು ಪಾಠ ಹಿಂದೆ ಹೋಗಿ.

ಒಂಟಿ ಮಗು, ಜೊತೆಗಾರರು ಬೇಕು ಅನ್ನುವವರಿಗೆ ಗುಂಪೇ ಸರಿ. ದಿನವೂ ಪಕ್ಕದಲ್ಲಿ ಕೂರಬಲ್ಲ ಪೋಷಕರಿಗೆ ನಮ್ಮ ಆಯ್ಕೆ ಮೆಮೋರಿಯಾ.