ಫೇಜ್ ಕ್ಯಾಪ್ಸೂಲ್: ಏನಕ್ಕೆ ಕೊಳ್ಳಬಹುದು, ಏನಕ್ಕೆ ಬೇಡ

ತುಮಕೂರಿನ ಬಿ.ಎಚ್. ರಸ್ತೆಯ ಮೆಡಿಕಲ್ ಸ್ಟೋರ್‌ಗಳಲ್ಲಿ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆ) ಬೇಕಾದಷ್ಟು ಸಿಗುತ್ತದೆ. ಫೇಜ್ ಇರುವ ಕ್ಯಾಪ್ಸೂಲ್ ಬೇಕೆಂದರೆ ಆನ್‌ಲೈನ್‌ನಲ್ಲೇ ತರಿಸಬೇಕು. ಡಬ್ಬಿಯ ಮೇಲೆ ‘ಪ್ರೀಬಯೋಟಿಕ್’ (ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ, ಸಾಮಾನ್ಯವಾಗಿ ನಾರು) ಎಂದಿದ್ದರೂ ಒಳಗಿರುವುದು ನಾರಲ್ಲ, ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ಗಳು, ಅಂದರೆ ಫೇಜ್‌ಗಳು: ಎಲ್‌ಎಚ್01, ಟಿ4ಡಿ, ಎಲ್‌ಎಲ್5, ಎಲ್‌ಎಲ್12, ಒಟ್ಟು 15 ಮಿ.ಗ್ರಾಂ. ನಾಲ್ಕೂ ಹಿಡಿಯುವುದು ಕರುಳಿನ ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು; ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ತಂಟೆಗೆ ಹೋಗುವುದಿಲ್ಲ. ಅಮೆರಿಕದಲ್ಲಿ ವಯಸ್ಕರಿಗೆ 28 ದಿನ ಇದೇ ಮಿಶ್ರಣ ಕೊಟ್ಟು ನೋಡಿದಾಗ ಮಲದಲ್ಲಿ ಇ. ಕೋಲೈ ತಗ್ಗಿತು, ಉಳಿದ ಬ್ಯಾಕ್ಟೀರಿಯಾಗಳು ಹೆಚ್ಚು ಏರುಪೇರಾಗಲಿಲ್ಲ. ಅಷ್ಟಕ್ಕೆ ಮಾತ್ರ ಇದನ್ನು ನಂಬಬಹುದು. ಟೈಫಾಯ್ಡ್‌ಗೆ, ಆಸಿಡಿಟಿಗೆ ಇದು ಮದ್ದಲ್ಲ.

ಕರುಳಿನಲ್ಲಿ ಫೇಜ್ ನಿಲ್ಲುವುದೋ ಮಲದ ಜೊತೆ ಹೊರಟುಹೋಗುವುದೋ ಎಂಬುದು ಬಹುಮಟ್ಟಿಗೆ ಲೋಳೆಯ ಮೇಲೆ ನಿಂತಿದೆ. ದೊಡ್ಡ ಕರುಳಿನ ಲೋಳೆಗೆ ಎರಡು ಪದರ. ಒಳಗಿನದು ಬಿಗಿ, ಅಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನದು ಸಡಿಲ, ಬ್ಯಾಕ್ಟೀರಿಯಾ ನೆಲೆಸುವುದು ಅಲ್ಲಿ. ಟಿ4 ಫೇಜ್‌ನ (ಡಬ್ಬಿಯ ಟಿ4ಡಿ ಇದರದೇ ತಳಿ) ತಲೆಯ ಮೇಲೆ ‘ಹಾಕ್’ ಎಂಬ ಪ್ರೋಟೀನ್ ಚಾಚಿಕೊಂಡಿರುತ್ತದೆ. ಅದು ಲೋಳೆಯ ಮ್ಯೂಸಿನ್ ಎಂಬ ಪ್ರೋಟೀನ್‌ನಲ್ಲಿರುವ ಸಕ್ಕರೆ ಸರಪಳಿಗಳಿಗೆ ಮೆಲ್ಲಗೆ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಹೀಗೆ ತಡೆದು ತಡೆದು ಸಾಗುವುದರಿಂದಲೇ ಅದು ಬ್ಯಾಕ್ಟೀರಿಯಾಕ್ಕೆ ಎದುರಾಗುವ ಸಂಭವ ಹೆಚ್ಚು. 2013ರಲ್ಲಿ ವಿಜ್ಞಾನಿಗಳಾದ ಜೆರೆಮಿ ಬಾರ್, ಫಾರೆಸ್ಟ್ ರೋವರ್ ಮತ್ತು ಸಂಗಡಿಗರು ಇದನ್ನು ತೋರಿಸಿದರು: ಲೋಳೆ ಸ್ರವಿಸುವ ಜೀವಕೋಶಗಳ ಮೇಲೆ ಟಿ4 ಹಾಕಿದಾಗ ಇ. ಕೋಲೈಯಿಂದ ಆಗುವ ಹಾನಿ ಇಳಿಯಿತು. ಹಾಕ್ ಇಲ್ಲದ ಟಿ4ಗೆ ಆ ಹಿಡಿತ ಬರಲಿಲ್ಲ.

ಹಾಗಾಗಿ ಲೋಳೆ ತೆಳುವಾದ ಕರುಳಿಗೆ ಈ ಕ್ಯಾಪ್ಸೂಲ್ ಹಾಕಿ ಹೆಚ್ಚು ನಿರೀಕ್ಷಿಸಬಾರದು. ಇಲಿಗಳಲ್ಲಿ ನಾರಿನ ಆಹಾರ ನಿಲ್ಲಿಸಿದಾಗ ಕರುಳಿನ ಬ್ಯಾಕ್ಟೀರಿಯಾಗಳು ಲೋಳೆಯನ್ನೇ ತಿನ್ನತೊಡಗುತ್ತವೆ, ಪದರ ಸವೆಯುತ್ತದೆ. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪು ದಿನವೂ ಉಣ್ಣುವವರಿಗೆ ನಾರಿನ ಈ ಭಾಗ ಆಗಲೇ ಸರಿಯಿದೆ. ಮೈದಾ, ಬಿಳಿ ಅನ್ನದಲ್ಲೇ ಇರುವವರು ದುಡ್ಡನ್ನು ಮೊದಲು ಕಾಳಿಗೆ ಹಾಕಲಿ.

ಇನ್ನು ಬಳಕೆ. ಖಾಲಿ ಹೊಟ್ಟೆಯಲ್ಲಿ ಬೇಡ: ಆಗ ಜಠರದ ಆಮ್ಲ ತೀರ ಕಟು, ಫೇಜ್‌ಗಳು ಬಹುಪಾಲು ಹಾಳಾಗುತ್ತವೆ. ಊಟವಾದ ಕೂಡಲೇ ನುಂಗಿದರೆ ಆಹಾರ ಆ ಆಮ್ಲವನ್ನು ತಗ್ಗಿಸಿರುತ್ತದೆ. ಬಿಚ್ಚಿ ಬಿಸಿ ಅಂಬಲಿಗೋ ನಿಂಬೆ ಪಾನಕಕ್ಕೋ ಬೆರೆಸಬೇಡಿ. ಏಪ್ರಿಲ್‌ನಲ್ಲಿ ತರಿಸಿದರೆ ಡಬ್ಬಿ ಕೊರಿಯರ್ ವ್ಯಾನಿನಲ್ಲಿ ಕುದಿಯುತ್ತದೆ. ಮಳೆಗಾಲದ ನಂತರ ತರಿಸಿ, ಸಿಲಿಕಾ ಜೆಲ್ ತೆಗೆಯದೆ ಫ್ರಿಜ್‌ನಲ್ಲಿಡಿ. ಆಂಟಿಬಯೋಟಿಕ್ ಕೋರ್ಸ್ ನಡೆಯುವಾಗ ಇದು ದಂಡ. ಔಷಧಿ ಫೇಜ್‌ಗೆ ಏನೂ ಮಾಡದು, ಆದರೆ ಇ. ಕೋಲೈ ಸತ್ತರೆ ಫೇಜ್ ಬೆಳೆಯುವುದೆಲ್ಲಿ?

ನಾವು ನೋಡಿದ ಡಬ್ಬಿಯ ದೊಡ್ಡ ದೋಷ, ತೂಕ ಬರೆದಿದ್ದಾರೆ, ಜೀವಂತ ಫೇಜ್‌ಗಳ ಸಂಖ್ಯೆ ಬರೆದಿಲ್ಲ. ಸತ್ತ ಫೇಜ್‌ಗೂ ಅಷ್ಟೇ ತೂಕ. ಮೈಕ್ರೋಬಯಾಲಜಿ ಲ್ಯಾಬ್ ಇರುವ ಕಾಲೇಜಿನಲ್ಲಿ ಇದನ್ನು ಎಣಿಸಬಹುದು. ಒಂದು ಕ್ಯಾಪ್ಸೂಲಿನ ಪುಡಿಯನ್ನು 10 ಮಿ.ಲೀ. ಎಸ್‌ಎಂ ಬಫರ್‌ನಲ್ಲಿ (ಫೇಜ್ ಕೆಡದಂತೆ ಇಡುವ ಉಪ್ಪಿನ ದ್ರಾವಣ) ಕದಡಿ, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ), ಮೇಲಿನ ತಿಳಿಯನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಪುಡಿಯಲ್ಲಿ ಪಿಷ್ಟವಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೊದಲು 0.45ರಲ್ಲಿ ಸೋಸುವುದು ಒಳ್ಳೆಯದು. ಹತ್ತು ಹತ್ತು ಪಟ್ಟು ತೆಳುಮಾಡುತ್ತಾ ಹೋಗಿ, ಪ್ರತಿಯೊಂದರಿಂದ 0.1 ಮಿ.ಲೀ. ತೆಗೆದು ಚುರುಕಾಗಿ ಬೆಳೆಯುತ್ತಿರುವ ಇ. ಕೋಲೈ ಜೊತೆ 0.7% ಮೃದು ಅಗಾರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಬೆರೆಸಿ ಪ್ಲೇಟಿಗೆ ಸುರಿಯಿರಿ; 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಅಗಾರ್ 45 ಡಿಗ್ರಿ ಸುಮಾರಿಗಿರಲಿ, 50 ದಾಟಿದರೆ ಇ. ಕೋಲೈಯೇ ಸತ್ತು ಪ್ಲೇಟ್ ಬರಿದಾಗಿ ಕಾಣುತ್ತದೆ. ಹತ್ತು ಸಾವಿರ ಪಟ್ಟು ತೆಳುಮಾಡಿದ ಪ್ಲೇಟಿನಲ್ಲಿ 85 ತಿಳಿಚುಕ್ಕೆ (ಫೇಜ್ ಇ. ಕೋಲೈಯನ್ನು ಕೊಂದ ಜಾಗ; ಒಂದು ಚುಕ್ಕೆ ಒಂದು ಜೀವಂತ ಫೇಜ್‌ನ ಗುರುತು) ಬಂದರೆ, ಮಿ.ಲೀ.ಗೆ 85 ಲಕ್ಷ, ಕ್ಯಾಪ್ಸೂಲಿಗೆ 8.5 ಕೋಟಿ. ಚುಕ್ಕೆಯೇ ಇಲ್ಲದಿದ್ದರೆ ತಕ್ಷಣ ಮಾಲನ್ನು ದೂರಬೇಡಿ, ಇನ್ನೊಂದು ಇ. ಕೋಲೈ ತಳಿಯ ಮೇಲೂ ನೋಡಿ. ಒಂದು ತಳಿ ಹಿಡಿದ ಫೇಜ್ ಇನ್ನೊಂದನ್ನು ಮುಟ್ಟದಿರಬಹುದು.

ಐದಕ್ಕೆ ಮೂರು ಅಂಕ. ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಎರಡನ್ನೂ ಮುದ್ರಿಸಿದರೆ ನಾಲ್ಕು ಕೊಡಬಹುದು. ರಕ್ತಭೇದಿ ಇರುವವರು ಇದನ್ನು ನುಂಗಿ ಕಾಯದೆ ನೇರ ಆಸ್ಪತ್ರೆಗೆ ಹೋಗಿ.